ಒಗೆಯುವ ಕಲ್ಲಿನ ಹಿಂದಿನ ವಯೊಲೆಟ್

ಆ ಬೆಳಿಗ್ಗೆ ಮಂಜು ನೆಲಕ್ಕೇ ಇಳಿದು ಕೂತಿತ್ತು. ಒದ್ದೆ ಬಟ್ಟೆಯನ್ನು ಮುಖದ ಹತ್ತಿರ ಹಿಡಿದ ಹಾಗೆ ತಂಪು. ಬೆಳಗಾದದ್ದು ತಿಳಿಯದೆ ಬೀದಿದೀಪಗಳು ಉರಿಯುತ್ತಲೇ ಇದ್ದವು. ನಿಲ್ದಾಣದಲ್ಲಿ ನಿಂತವರಿಗೆ ಬಸ್ಸು ಬಂದದ್ದು ಮೊದಲು ಕಿವಿಗೆ ತಿಳಿಯಿತು, ಆಮೇಲೆ ಕಣ್ಣಿಗೆ.

ದೊಡ್ಡಾಕೆ ಮಗಳ ಊರಿಗೆ ಹೊರಟಿದ್ದಳು. ಮಗಳಿಗೆ ದಿನ ತುಂಬಿತ್ತು. ಹೆರಿಗೆಯಾಗಿ, ಕೂಸು ಒಂದು ಹದಕ್ಕೆ ಬರುವವರೆಗೂ ಅಲ್ಲೇ ಇದ್ದು ಬರುವುದೆಂದು ಮಾತಾಗಿತ್ತು. ಚೀಲಗಳನ್ನು ಬಸ್ಸಿಗೇರಿಸಲು ಚಿಕ್ಕಾಕೆ ಜೊತೆಗೆ ಬಂದಿದ್ದಳು.

ಇಬ್ಬರೂ ಓರಗಿತ್ತಿಯರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಗೋಡೆಯ ಆಚೆ ಈಚೆ ಸಂಸಾರ ಮಾಡಿದವರು. ಬೀದಿಯವರು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ; ಅಣ್ಣನ ಹೆಂಡತಿ ದೊಡ್ಡಾಕೆ, ತಮ್ಮನ ಹೆಂಡತಿ ಚಿಕ್ಕಾಕೆ. ಅಣ್ಣ ತೀರಿಕೊಂಡು ಬಹಳ ಕಾಲವಾಗಿತ್ತು. ದೊಡ್ಡಾಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾಗಿದ್ದಳು. ಚಿಕ್ಕಾಕೆ ಅಂಗಿ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದಳು. ಹೊಲಿದು ಬಂದ ಅಂಗಿಯ ಕಾಲರು, ತೋಳು, ಗುಂಡಿಯ ಕಾಜಾಗಳಲ್ಲಿ ಜೋತಾಡುವ ದಾರದ ಎಳೆಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿ ತೆಗೆಯುವುದು ಅವಳ ಕೆಲಸ. ಎಷ್ಟು ವರ್ಷದ ಅಭ್ಯಾಸವೆಂದರೆ, ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಕೊರಳಪಟ್ಟಿಯಲ್ಲಿ ಒಂದೆಳೆ ಕಂಡರೂ ಅವಳ ಬೆರಳು ತುರಿಸುತ್ತಿತ್ತು.

"ನೋಡು ತಂಗಿ, ಮನೆಗೆ ಬೀಗ ಹಾಕಿದೀನಿ. ಅದರ ಚಿಂತೆ ಇಲ್ಲ. ವಯೊಲೆಟ್ ಮಾತ್ರ..."

"ಗೊತ್ತಕ್ಕಾ. ನಿನ್ನೆಯಿಂದ ಅದನ್ನೇ ಹೇಳ್ತಿದೀಯ."

"ಇನ್ನೊಂದು ಸಲ ಹೇಳ್ತೀನಿ, ಕೇಳಿಸ್ಕೊ. ಮಣ್ಣು ಒಣಗಿದ್ರೆ ಮಾತ್ರ ನೀರು. ಗೊಬ್ಬರ ಬೇಡ. ಕೆದಕಬೇಡ. ಅದರ ಪಾಡಿಗೆ ಅದನ್ನ ಬಿಡು."

"ಕೂಸನ್ನ ಬಿಟ್ಟು ಹೋಗೋರೂ ಇಷ್ಟು ಹೇಳಲ್ಲ."

"ಕೂಸು ಅತ್ತು ಕೇಳುತ್ತೆ. ಇದು ಕೇಳಲ್ಲ," ಎಂದು ದೊಡ್ಡಾಕೆ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಆಡಿಸಿದಳೋ ಏನೋ, ಮಂಜಿನಲ್ಲಿ ಕಾಣಲಿಲ್ಲ.

ಈ ವಯೊಲೆಟ್ ಎಲ್ಲಿಂದ ಬಂತು ಎಂದು ಹೇಳದೆ ಮುಂದೆ ಹೋದರೆ ಕೇಳುವವರಿಗೆ ಅನ್ಯಾಯವಾದೀತು. ಊರಿನ ಮೇಲುಗಡೆ ನೀರಿನ ಟ್ಯಾಂಕಿರುವ ಗುಡ್ಡವಿದೆ. ಅದರ ನೆರಳಿನ ಇಳಿಜಾರಿನಲ್ಲಿ, ಬಂಡೆಗಳ ಸಂದಿಯಲ್ಲಿ, ಯಾರೂ ನೆಡದ, ಯಾರೂ ನೀರೆರೆಯದ ಕಾಡು ವಯೊಲೆಟ್ ಹಿಂದಿನಿಂದಲೂ ಇತ್ತು. ಕುಂಡದಲ್ಲಿಟ್ಟು ಮಾರುವ ಅಗಲ ಮುಖದ ಜಾತಿಯಲ್ಲ. ಹೃದಯದಾಕಾರದ ಎಲೆ, ಬೆರಳುದ್ದದ ದಂಟು, ತುದಿಯಲ್ಲಿ ತಲೆ ಬಗ್ಗಿಸಿದ ಒಂದೇ ಒಂದು ನೇರಳೆ ಬಣ್ಣದ ಹೂ. ಕೆಳಗಿನ ಎಸಳಿನ ಮೇಲೆ ಮೊನಚು ಪೆನ್ನಿನಿಂದ ಎಳೆದಂಥ ಗೆರೆಗಳು. ಅದನ್ನು ನೋಡಬೇಕೆಂದರೆ ಮೊಣಕಾಲೂರಬೇಕು. "ಮನುಷ್ಯರು ಆಗಾಗ ಸ್ವಲ್ಪ ಬಗ್ಗಲಿ ಅಂತಲೇ ದೇವರು ಇದನ್ನ ಇಷ್ಟು ಗಿಡ್ಡ ಮಾಡಿರ್ಬೇಕು," ಎಂದು ದೊಡ್ಡಾಕೆ ಅನ್ನುತ್ತಿದ್ದಳು.

ಎರಡನೆಯ ಟ್ಯಾಂಕು ಕಟ್ಟಲು ಅದೇ ಇಳಿಜಾರನ್ನು ಅಗೆಯುವುದೆಂದಾಯಿತು. ಯಂತ್ರ ಬರುವ ಮುನ್ನಾದಿನ ದೊಡ್ಡಾಕೆ ಬುಟ್ಟಿ ಹಿಡಿದು ಗುಡ್ಡ ಹತ್ತಿದಳು. ಅಲ್ಲಿ ಪಂಪಿನ ಮನೆ ನೋಡಿಕೊಳ್ಳುವ ಒಬ್ಬನಿದ್ದ. ಎಲ್ಲರೂ ಅವನನ್ನು ಪಂಪಿನಾತ ಎನ್ನುತ್ತಿದ್ದರು.

"ತಗೊಂಡು ಹೋಗಿ ದೊಡ್ಡಮ್ಮ," ಎಂದ ಅವನು. "ನಾಳೆ ಹೇಗೂ ಮಣ್ಣುಪಾಲು. ಆದ್ರೆ ಟ್ಯಾಂಕಿನ ಕೆಲಸ ಮುಗಿದು ಮಣ್ಣು ಕೂತ ಮೇಲೆ ವಾಪಸ್ ತರ್ಬೇಕು. ಗುಡ್ಡದ್ದು ಗುಡ್ಡಕ್ಕೆ."

"ತರ್ತೀನಿ."

"ಮರೆತ್ರೆ ನಿಮ್ಮ ಬೀದಿ ನೀರು ಬಂದ್ ಮಾಡ್ತೀನಿ ನೋಡಿ."

ಅವನು ನಗುತ್ತಾ ಅಂದ. ಅವಳು ನಗಲಿಲ್ಲ. ಮಾತು ಕೊಟ್ಟೆ ಎಂದುಕೊಂಡೇ ಕೆಳಗಿಳಿದಳು.

ತೋಟದಲ್ಲಿ ಮೊದಮೊದಲು ಅದು ಹಿಡಿಯಲಿಲ್ಲ. ಒಳ್ಳೆಯ ಜಾಗ ಕೊಡೋಣವೆಂದು ತರಕಾರಿ ಬೆಳೆಯುತ್ತಿದ್ದ ಕೊಬ್ಬಿದ ಮಣ್ಣಿನಲ್ಲಿ ನೆಟ್ಟಳು. ಅರ್ಧ ಕೊಳೆತು ಹೋಯಿತು. ಆಮೇಲೆ ನಡುಹಗಲಿನ ಬಿಸಿಲು ಬೀಳದ ಗೋಡೆಯ ಮೂಲೆಯಲ್ಲಿ ಆ ಮಣ್ಣನ್ನೆಲ್ಲ ತೆಗೆದು, ಗುಡ್ಡದಿಂದಲೇ ತಂದ ಗರಸು, ಕೊಳೆತ ತರಗೆಲೆ ತುಂಬಿದಳು. ಉಳಿದವು ಅಲ್ಲಿ ಬೇರು ಬಿಟ್ಟವು. ಮರುವರ್ಷ ಹೂ ಬಂದಾಗ ದೊಡ್ಡಾಕೆ ಗೋಡೆಯ ಮೇಲಿಂದ ಚಿಕ್ಕಾಕೆಯನ್ನು ಕೂಗಿ ಕರೆದಳು. ಇಬ್ಬರೂ ಮೊಣಕಾಲೂರಿ ನೋಡಿದರು.

"ನಂಗೊಂದು ಕೊಡಕ್ಕಾ," ಅಂದಳು ಚಿಕ್ಕಾಕೆ.

"ಕೊಡೋಕೆ ಇದು ನಂದಲ್ಲ ಕಣೇ. ಎಲ್ಲಾ ಗುಡ್ಡಕ್ಕೆ ಹೋಗ್ಬೇಕು."

ಸರಿಯಾದ ಮಾತೇ. ಚಿಕ್ಕಾಕೆಯೂ ಹೂಂ ಅಂದಳು. ಆದರೆ ಆ ಇಲ್ಲ ಎಂಬುದು ಅವಳ ಹೊಟ್ಟೆಯಲ್ಲಿ ಕರಗಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳಿಗೆ ಸಿಕ್ಕಿದ್ದೆಲ್ಲ ದೊಡ್ಡಾಕೆ ಬಳಸಿ ಮುಗಿಸಿದ್ದು. ದೊಡ್ಡಾಕೆಯ ಮಕ್ಕಳು ಮಲಗಿ ಎದ್ದ ತೊಟ್ಟಿಲು, ದೊಡ್ಡಾಕೆ ತುಳಿದು ಸವೆಸಿದ ಹೊಲಿಗೆ ಯಂತ್ರ, ತೋಳು ಬಿಗಿಯಾದ ಮೇಲೆ ಕಳಿಸಿದ ಚಳಿಗಾಲದ ಕೋಟು. ಮನೆಯ ಪಾಲಾದಾಗಲೂ ಬಾವಿ ಇಲ್ಲದ ಬದಿ. ಎಲ್ಲವನ್ನೂ ಪ್ರೀತಿಯಿಂದಲೇ ಕೊಟ್ಟದ್ದು, ಪ್ರೀತಿಯಿಂದಲೇ ತೆಗೆದುಕೊಂಡದ್ದು. ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಬಸ್ಸು ಹೋದ ಮೇಲೆ ಅವಳು ಮನೆಗೆ ಬಂದಾಗಲೂ ಮಂಜು ಎದ್ದಿರಲಿಲ್ಲ. ದೊಡ್ಡಾಕೆಯ ಗೇಟಿನ ಕೀಲಿ ಕೈಯಲ್ಲೇ ಇತ್ತು. ನೀರು ಹಾಕಿ ಬರೋಣವೆಂದು ಒಳಗೆ ಹೋದಳು ಎಂದು ಹೇಳಿದರೆ ಅದೂ ಸುಳ್ಳಲ್ಲ. ಮೂಲೆಯಲ್ಲಿ ವಯೊಲೆಟ್ಟಿನ ಎಲೆಗಳ ಮೇಲೆ ಹನಿ ಕೂತಿತ್ತು. ತಲೆಯೆತ್ತಿ ನೋಡಿದಳು: ಎದುರು ಮನೆಯ ಬಾಗಿಲು ಕಾಣುತ್ತಿಲ್ಲ, ಹಾಗಾದರೆ ಆ ಬಾಗಿಲಿಗೆ ತಾನೂ ಕಾಣುತ್ತಿಲ್ಲ. ತನ್ನ ಅಡುಗೆಮನೆಗೆ ಹೋಗಿ ದೊಡ್ಡ ಚಮಚ, ಅಂಚಿನ ಲೇಪ ಎದ್ದುಹೋದ ಒಂದು ಎನಾಮೆಲ್ ಬಟ್ಟಲು ತಂದಳು. ಇದ್ದವುಗಳಲ್ಲಿ ತುಂಬಾ ಚೆನ್ನಾಗಿದ್ದ ಗಿಡವನ್ನು ಗರಸಿನ ಸಮೇತ ಎತ್ತಿ ಬಟ್ಟಲಿಗಿಟ್ಟಳು. ಗುಂಡಿ ಮುಚ್ಚಿ ಮೇಲೆ ತರಗೆಲೆ ಹರಡಿದಳು. ಎದ್ದು ನಿಂತಾಗ ಯಾರೋ ಕೆಮ್ಮಿದ ಹಾಗಾಯಿತು. ಪಕ್ಕದ ಮನೆಯ ಕೋಳಿಯಮ್ಮನ ಕೋಳಿ.

ಕಿಟಕಿಯಲ್ಲಿಟ್ಟರೆ ಬೀದಿಗೆ ಕಾಣುತ್ತದೆ, ಮೆಟ್ಟಿಲ ಮೇಲಿಟ್ಟರೆ ಗಂಡನಿಗೆ ಕಾಣುತ್ತದೆ. ಕದ್ದ ಮೇಲೆಯೇ ಅವಳಿಗೆ ತಿಳಿದದ್ದು, ಇದನ್ನು ಇಡಲು ತನಗೆ ಜಾಗವೇ ಇಲ್ಲ ಎಂದು. ಕೊನೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತಳ್ಳಿದಳು.

ಸಂಜೆ ಪ್ರಾರ್ಥನೆಗೆ ಕೂರುವುದು ಅವಳ ರೂಢಿ. ದಿನದ ಸುದ್ದಿಯನ್ನೆಲ್ಲ ದೇವರಿಗೆ ಒಪ್ಪಿಸುವಳು: ಮೇಸ್ತ್ರಿ ಬೈದದ್ದು, ಗಂಡನ ಸೊಂಟನೋವು, ಸೀದುಹೋದ ಹಾಲು. ಆ ಸಂಜೆ ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟಳು. ತಾನು ಹೇಳದಿದ್ದರೆ ಅವನಿಗೆ ತಿಳಿಯುವುದಿಲ್ಲವೇನೋ ಎಂಬಂತೆ ಬೇಗ ಬೇಗ ಮುಗಿಸಿ ಎದ್ದಳು.

ಕಳ್ಳತನ ಒಂದು ಬೆಳಗಿನ ಕೆಲಸ. ಅದರ ಭಾರ ಹೊರುವುದು ದಿನದಿನದ ಕೆಲಸ. ಒಂದನ್ನು ತೆಗೆದುಕೊಂಡೆನಲ್ಲ, ಉಳಿದವನ್ನಾದರೂ ಅಕ್ಕ ಬಂದಾಗ ಬೆರಗಾಗುವ ಹಾಗೆ ಬೆಳೆಸಬೇಕು ಎಂದು ಚಿಕ್ಕಾಕೆ ನಿಶ್ಚಯಿಸಿದಳು. ಕಾರ್ಖಾನೆಗೆ ಹೋಗುವ ಮುಂಚೆ ನೀರು, ಬಂದ ಮೇಲೆ ನೀರು. ಗೊಬ್ಬರ ಬೇಡ ಅಂದಿದ್ದಳು ಅಕ್ಕ; ಸ್ವಲ್ಪ ಹಾಕಿದರೆ ಏನಾದೀತು ಎಂದು ಕಪ್ಪು ಗೊಬ್ಬರ ತಂದು ಬುಡಕ್ಕೆಲ್ಲ ಒತ್ತಿದಳು. ಮಣ್ಣು ಕೆದಕಿ ಸಡಿಲ ಮಾಡಿದಳು. ಬಿಸಿಲು ಬಲಿತಂತೆ ಎಲೆಗಳು ದೊಡ್ಡದಾದವು. ಬುಡದಲ್ಲಿ, ಮಣ್ಣಿಗಂಟಿಕೊಂಡ ಹಾಗೆ, ಸಣ್ಣ ಬಿಳಿಚು ಮೊಗ್ಗುಗಳು ಕಾಣಿಸಿದವು. ಹೂವಾಗಲಿ ಎಂದು ಕಾದಳು. ಆಗಲಿಲ್ಲ. ಬಣ್ಣ ಬರಲಿಲ್ಲ, ಎಸಳು ಬಿಡಲಿಲ್ಲ, ಮುಚ್ಚಿದ್ದು ಮುಚ್ಚಿಯೇ ದಪ್ಪಗಾದವು. ರೋಗವೇ ಇರಬೇಕು. ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಒಂದೊಂದನ್ನೇ ಕತ್ತರಿಸಿದಳು. ಮತ್ತೆ ಬಂದವು, ಮತ್ತೆ ಕತ್ತರಿಸಿದಳು. ಕೆಲಸ ಮುಗಿದಾಗ ಬುಡ ಹೊಸ ಅಂಗಿಯಂತೆ ಚೊಕ್ಕಟವಾಗಿರುತ್ತಿತ್ತು.

ಅವಳ ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವವನು, ಮಾತುಗಾರ. ಗೋಡೆಗೊರಗಿ ಚಹಾ ಕುಡಿಯುತ್ತಾ ನೋಡುತ್ತಿದ್ದ.

"ಅತ್ತಿಗೆ ಇದ್ದಾಗಲೂ ಇಷ್ಟು ಸೇವೆ ಕಂಡಿರ್ಲಿಲ್ಲ ಆ ಗಿಡ."

"ಸುಮ್ನಿರಿ."

"ಅಲ್ವೇ, ನಾನೂ ಹೋಗಿ ಆ ಮೂಲೇಲಿ ನಿಂತ್ಕೊಂಡ್ರೆ ನಂಗೂ ಹೊತ್ತು ಹೊತ್ತಿಗೆ ಏನಾದ್ರೂ ಸಿಗುತ್ತಾ ಅಂತ."

"ನಿಮಗೆ ಗೊಬ್ಬರ ಸಿಗುತ್ತೆ. ಹೋಗಿ."

ಎಲೆ ಹಳದಿಯಾದಾಗ ಅವಳು ಇನ್ನಷ್ಟು ನೀರು ಹಾಕಿದಳು. ಒಂದು ದಿನ ಎಲೆಯೊಂದನ್ನು ಮೆಲ್ಲಗೆ ಎತ್ತಿದರೆ ಗಿಡವೇ ಕೈಗೆ ಬಂತು. ಬುಡ ಬೆಂದ ಸೊಪ್ಪಿನಂತೆ ಮೆತ್ತಗಾಗಿತ್ತು. ಮರುವಾರಕ್ಕೆ ಅಲ್ಲಿ ಏನೂ ಉಳಿಯಲಿಲ್ಲ. ಗೊಬ್ಬರದ ಹುಳುಗಳಿಗಾಗಿ ಕೋಳಿಯಮ್ಮನ ಕೋಳಿಗಳು ಗೋಡೆ ಹಾರಿ ಬಂದು ಖಾಲಿ ಮೂಲೆಯನ್ನು ಕೆದರಿ ಹಾಕಿದವು. ಅವಳು ಓಡಿಸಲಿಲ್ಲ.

ಒಗೆಯುವ ಕಲ್ಲಿನ ಹಿಂದೆ ಬಗ್ಗಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಬಟ್ಟೆ ಒಗೆದಾಗ ಸಿಡಿದ ನೀರೇ ಅದಕ್ಕೆ ನೀರು. ಬೇರೆ ಆರೈಕೆ ಇಲ್ಲ. ಅದು ಹಸಿರಾಗಿಯೇ ಇತ್ತು.

ದೊಡ್ಡಾಕೆ ಬಂದದ್ದು ಬಿಸಿಲಿನ ಜೋರು ಇಳಿದ ಮೇಲೆ. ಶಾಲಿನಲ್ಲಿ ಇನ್ನೂ ಹಸುಗೂಸಿನ ವಾಸನೆಯಿತ್ತು. ಚೀಲ ಬಾಗಿಲಲ್ಲೇ ಇಟ್ಟು ನೇರ ಮೂಲೆಗೆ ನಡೆದಳು. ಚಿಕ್ಕಾಕೆ ಹಿಂದೆ ಹಿಂದೆಯೇ ಹೋದಳು. ದೊಡ್ಡಾಕೆ ಮೊಣಕಾಲೂರಿ ಕೆದರಿದ ಮಣ್ಣನ್ನು ಬೆರಳಿನಿಂದ ಬಿಡಿಸಿ ನೋಡಿದಳು, ಬೇರಿನ ತುಂಡಾದರೂ ಇದೆಯೋ ಎಂದು.

"ಏನಾಯ್ತು ತಂಗಿ?"

"ಗೊತ್ತಾಗ್ಲಿಲ್ಲಕ್ಕಾ. ಹಳದಿ ಆಯ್ತು. ಕೋಳಿಗಳು ಬರ್ತಿದ್ವು..."

ಕೋಳಿಗಳು ಬರುತ್ತಿದ್ದದ್ದು ನಿಜ. ಅವಳು ಅಷ್ಟೇ ಹೇಳಿದ್ದು. ವಾಕ್ಯದ ಉಳಿದರ್ಧವನ್ನು ದೊಡ್ಡಾಕೆ ತಾನೇ ತುಂಬಿಕೊಂಡಳು.

ಆ ಸಂಜೆ ಗೋಡೆಯ ಆಚೆಯಿಂದ ಮಾತು ಕೇಳಿಸಿತು. ಗಂಡಸರು ಹೊರಗೆ ಬಂದು ನಿಲ್ಲುವಷ್ಟು ಜೋರು.

"ನನ್ನ ಕೋಳಿಗಳು ಹುಳ ತಿನ್ನೋವು ದೊಡ್ಡಾಕೆ. ಹೂವಿನ ಗಿಡ ತಿನ್ನೋಕೆ ಅವೇನು ಮೇಕೇನಾ?"

"ತಿನ್ನಬೇಕಾಗಿಲ್ಲ ಕಣಮ್ಮ, ಕೆದರಿದ್ರೆ ಸಾಕು. ಹೋಗಿ ನೋಡು, ಕಾಲಿನ ಗುರುತು ಹಾಗೇ ಇದೆ."

ಕೋಳಿಯಮ್ಮ ಬಂದು ನೋಡಿದಳು. ಕಾಲಿನ ಗುರುತು ಇತ್ತು. ಕೋಳಿಗಳನ್ನು ಅಟ್ಟಿಕೊಂಡು ಹೋದಳು. ಮರುದಿನ ಅವಳ ಹಿತ್ತಲಿಗೆ ತಂತಿಬಲೆ ಬಂತು. ಬೀದಿಯಲ್ಲೆಲ್ಲ ಅಡ್ಡಾಡಿಕೊಂಡಿದ್ದ ಕೋಳಿಗಳು ಬಲೆಯೊಳಗೆ ಕೂತು ಇಡೀ ದಿನ ಗೊಣಗಿದವು. ಅದರ ಮರುದಿನ ಕೋಳಿಯಮ್ಮ ಬುಟ್ಟಿಯ ತುಂಬ ಮೊಟ್ಟೆ ತಂದು ದೊಡ್ಡಾಕೆಯ ಹೊಸ್ತಿಲಲ್ಲಿಟ್ಟಳು. "ನನ್ನ ಮನೆ ಪ್ರಾಣಿ ಮಾಡಿದ್ದಕ್ಕೆ ನಾನಲ್ದೆ ಇನ್ಯಾರು ಹೊಣೆ? ಬೇಡ ಅನ್ಬೇಡಿ."

ದೊಡ್ಡಾಕೆ ಅದರಲ್ಲಿ ಅರ್ಧ ತಂದು ಚಿಕ್ಕಾಕೆಗೆ ಕೊಟ್ಟಳು. "ನೀನೂ ಕಷ್ಟಪಟ್ಟಿದೀಯ. ತಗೊ."

ಚಿಕ್ಕಾಕೆಯ ಗಂಡ ತಟ್ಟೆ ತುಂಬ ತಿಂದ. "ಯಾಕೇ, ನಿಂಗೆ ಬೇಡ್ವಾ?"

"ಹೊಟ್ಟೆ ಸರಿ ಇಲ್ಲ."

"ಮೊಟ್ಟೆ ನೋಡಿದ ಮೇಲೆ ಸರಿ ಇಲ್ವೋ, ನೋಡೋಕೆ ಮುಂಚೇನೋ?"

ಅವಳು ಪಾತ್ರೆ ತೊಳೆಯಲು ಹೋದಳು.

ಮುಂದಿನ ರಜೆಯ ದಿನ ಇಬ್ಬರೂ ದೊಡ್ಡಾಕೆಯ ಮೆಟ್ಟಿಲ ಮೇಲೆ ಕೂತಿದ್ದರು. ದೊಡ್ಡಾಕೆ ಖಾಲಿ ಮೂಲೆಯನ್ನೇ ನೋಡುತ್ತಾ ಕೇಳಿದಳು: "ಬುಡದಲ್ಲಿ ಮುಚ್ಚಿದ ಮೊಗ್ಗು ಬಂದಿತ್ತಾ ತಂಗಿ? ಬೆಳ್ಳಗೆ, ಅರಳದೇ ಇರೋವು?"

ಚಿಕ್ಕಾಕೆ ಅವಳ ಕಡೆ ತಿರುಗಿದಳು. "ಯಾಕಕ್ಕಾ?"

"ಅದರ ಬೀಜ ಇರೋದೇ ಅದರಲ್ಲಿ. ಮೇಲೆ ಬರೋ ಹೂ ನೋಡೋಕೆ ಚೆಂದ, ಬೀಜ ಕಟ್ಟೋದು ಕಮ್ಮಿ. ಬಿಸಿಲು ಬಂದ ಮೇಲೆ ಬುಡದಲ್ಲಿ ಗುಟ್ಟಾಗಿ ಇನ್ನೊಂದು ಥರ ಮೊಗ್ಗು ಬಿಡುತ್ತೆ. ಅದು ಅರಳೋದೇ ಇಲ್ಲ. ಮುಚ್ಕೊಂಡೇ ಒಳಗೆ ಕಾಯಾಗುತ್ತೆ. ಹೋದ ವರ್ಷ ನಾನು ಅದನ್ನ ರೋಗ ಅಂದ್ಕೊಂಡೆ, ಆಮೇಲೆ ಒಡೆದಾಗ ಗೊತ್ತಾಯ್ತು. ನಿಂಗೆ ಹೇಳಿ ಹೋಗ್ಬೇಕಿತ್ತು. ಕೆದಕಬೇಡ ಅಂದ್ರೆ ಸಾಕು ಅಂದ್ಕೊಂಡೆ. ಒಂದಿಷ್ಟು ಬೀಜ ಬಿದ್ದಿದ್ರೂ ಸಾಕಾಗಿತ್ತು."

ಆ ಮೊಗ್ಗುಗಳನ್ನು ಕತ್ತರಿಸಿದ ಬೆರಳುಗಳು ಚಿಕ್ಕಾಕೆಯ ಮಡಿಲಲ್ಲೇ ಇದ್ದವು. ಅವಳು ಅವನ್ನು ಶಾಲಿನೊಳಗೆ ಎಳೆದುಕೊಂಡಳು.

ಮನೆಗೆ ಬಂದವಳೇ ಒಗೆಯುವ ಕಲ್ಲಿನ ಹಿಂದಿನಿಂದ ಬಟ್ಟಲನ್ನು ಎಳೆದಳು. ಬುಡದ ತುಂಬ ಮುಚ್ಚಿದ ಮೊಗ್ಗುಗಳು. ಕೆಲವು ಕಾಯಾಗಿ, ಬಗ್ಗಿದ್ದ ಕತ್ತನ್ನು ನೆಟ್ಟಗೆ ಮಾಡಿ ಮೇಲೆದ್ದಿದ್ದವು. ಒಂದು ಆಗಲೇ ಮೂರು ಹೋಳಾಗಿ ಬಿರಿದಿತ್ತು. ಹೋಳಿನೊಳಗೆ ಸಾಸಿವೆಗಿಂತ ಸಣ್ಣ ಕಾಳುಗಳು ಸಾಲಾಗಿ ಕೂತಿದ್ದವು. ಅವಳು ನೋಡುತ್ತಿದ್ದಂತೆ ಹೋಳು ಬಿಗಿದುಕೊಂಡಿತು. ಒಂದು ಕಾಳು ಸಿಡಿದು ಪಕ್ಕದ ಬಕೆಟ್ಟಿಗೆ ತಾಗಿ ಟಕ್ಕೆಂದಿತು. ಇರುವೆಗಳು ಅಂಥ ಕಾಳುಗಳನ್ನು ಹೊತ್ತು ಗೋಡೆಯ ಬಿರುಕಿನ ಕಡೆ ಹೊರಟಿದ್ದವು.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ದೇವರೇ ಹೊಳೆಯಿಸಿದ ಎಂದು ಮೊದಲು ಅನಿಸಿತು. ಅಂಗಿಯ ಕಾಲರಿನೊಳಗೆ ಹಾಕುವ ತೆಳುಬಟ್ಟೆಯ ಚೂರುಗಳು ಮನೆಯಲ್ಲಿದ್ದವು. ಅದರಲ್ಲಿ ಬೆರಳ ತುದಿಯಷ್ಟು ಸಣ್ಣ ಚೀಲಗಳನ್ನು ಹೊಲಿದಳು, ಕಾಯಿಗಳ ಮೇಲೆ ತೊಡಿಸಿ ದಾರ ಬಿಗಿದಳು. ದಿನ ಕಳೆದಂತೆ ಚೀಲಗಳೊಳಗೆ ಬೀಜ ಸಿಡಿದು ಸೇರಿತು. ಈ ಬೀಜವನ್ನು ಅಕ್ಕನ ಮೂಲೆಯಲ್ಲಿ ಗುಟ್ಟಾಗಿ ಚೆಲ್ಲಿಬಿಟ್ಟರೆ? ಚಳಿ ಕಳೆದ ಮೇಲೆ ತಾನಾಗಿ ಮೊಳೆಯುತ್ತದೆ. ಸತ್ತದ್ದು ಮತ್ತೆ ಹುಟ್ಟಿತೆಂದು ಅಕ್ಕ ಕೈಮುಗಿಯುತ್ತಾಳೆ. ಎಲ್ಲರಿಗೂ ಒಳ್ಳೆಯದು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಸಂಜೆ ಪ್ರಾರ್ಥನೆಗೆ ಕೂತಾಗ ಇದನ್ನು ಹೇಳಲು ಹೊರಟಳು. ಬಾಯಿ ಬರಲಿಲ್ಲ. ತಾನು ಮಾಡಿದ ಕೆಲಸವನ್ನು ದೇವರ ಹೆಸರಿಗೆ ಬರೆದು, ಅಕ್ಕನಿಂದ ಅವನಿಗೆ ಕೈಮುಗಿಸಲು ಹೊರಟಿದ್ದಳು. ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದನ್ನು ನೋಡಿ ಗಂಡ, "ನಿದ್ದೆ ಬಂದ್ರೆ ಹಾಸಿಗೆ ಇದೆ," ಎಂದ.

ಆದರೂ ಉಪಾಯವನ್ನು ಬಿಟ್ಟಿರಲಿಲ್ಲ. ಬಿಡಿಸಿದ್ದು ದೊಡ್ಡಾಕೆಯೇ. ಒಂದು ಮಧ್ಯಾಹ್ನ ಬಂದು ಚಿಕ್ಕಾಕೆಯ ಅಡುಗೆಮನೆಯ ಮಣೆಯ ಮೇಲೆ ಕೂತಳು.

"ಪಂಪಿನಾತ ಹೇಳಿ ಕಳಿಸಿದ್ದಾನೆ. ಟ್ಯಾಂಕಿನ ಕೆಲಸ ಮುಗೀತಂತೆ, ಮಣ್ಣೂ ಕೂತಿದೆಯಂತೆ. ನಾಳೆ ಹೋಗ್ತೀನಿ."

"ಏನಂತ ಹೋಗ್ತೀಯಕ್ಕಾ?"

"ಇಲ್ಲ ಅಂತ ಹೇಳೋಕೂ ಹೋಗ್ಬೇಕಲ್ಲ. ಬರಿಗೈ ತೋರಿಸಿ ಬರ್ತೀನಿ."

ಚಿಕ್ಕಾಕೆ ಒಲೆಯ ಕಡೆ ತಿರುಗಿದಳು.

"ಮಗಳು ಮತ್ತೆ ಬಾ ಅಂತಾಳೆ," ಎಂದಳು ದೊಡ್ಡಾಕೆ. "ಕೂಸು ರಾತ್ರಿ ಮಲಗಲ್ವಂತೆ. ಬರಲ್ಲ ಅಂದೆ."

"ಯಾಕೆ?"

"ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಕೂತಾಗ ನಂಗೆ ಈ ಗಿಡದ ನೆನಪೇ ಬರ್ಲಿಲ್ಲ ಕಣೇ. ಒಂದು ದಿನಾನೂ. ಅಷ್ಟು ಸುಖವಾಗಿದ್ದೆ. ಮಾತು ಕೊಟ್ಟವಳು ಹಾಗೆ ಮರೀಬಾರದು. ಆ ಸುಖಕ್ಕೇ ಈ ಶಿಕ್ಷೆ ಅಂತ ಅನಿಸುತ್ತೆ. ಇನ್ನು ಆ ಕೂಸಿನ ಮುಖ ನೋಡಿದಾಗೆಲ್ಲ ಇದೇ ನೆನಪಾಗುತ್ತೆ."

ಅವಳು ಅಳಲಿಲ್ಲ. ಲೋಟ ಕೆಳಗಿಟ್ಟು ಎದ್ದುಹೋದಳು. ಒಲೆಯ ಮೇಲಿನ ನೀರು ಕುದಿದು ಕುದಿದು ಅರ್ಧವಾಯಿತು. ಗಿಡ ಹೋಯಿತು, ಕೋಳಿಗಳು ಬಲೆಗೆ ಬಿದ್ದವು. ಈಗ ಮೊಮ್ಮಗಳೂ ಅಕ್ಕನ ಕೈತಪ್ಪಿ ಹೋಗುತ್ತಿದ್ದಳು. ಅದನ್ನು ಬೀಜ ಚೆಲ್ಲಿ ಮೊಳೆಸಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಚೀಲ ಮೂಲೆಯಲ್ಲೇ ಉಳಿಯಿತು. ದೊಡ್ಡಾಕೆ ಗೇಟಿನ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಳು. ಚಿಕ್ಕಾಕೆ ಎದುರಿಗೆ ಬಂದು ನಿಂತಳು. ಕೈಯಲ್ಲಿ ಎನಾಮೆಲ್ ಬಟ್ಟಲು, ಬಟ್ಟಲಲ್ಲಿ ಗಿಡ, ಗಿಡದ ಬುಡದಲ್ಲಿ ಬಿಳಿ ಬಟ್ಟೆಯ ಪುಟ್ಟ ಚೀಲಗಳು.

ದೊಡ್ಡಾಕೆ ನೋಡಿದಳು. ಅದು ಅವಳದೇ ಗರಸು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೀನು ಬಸ್ಸು ಹತ್ತಿದ ಬೆಳಿಗ್ಗೇನೇ ತೆಗೆದೆ," ಎಂದಳು ಚಿಕ್ಕಾಕೆ. "ಬಚ್ಚಿಟ್ಟೆ. ಅದಕ್ಕೇ ಉಳಿದಿದ್ದಕ್ಕೆ ನೀರು ಸುರಿದೆ, ಗೊಬ್ಬರ ಹಾಕಿದೆ. ಮುಚ್ಚಿದ ಮೊಗ್ಗನ್ನೆಲ್ಲ ಕತ್ತರಿಸಿದೆ. ಕೊಳೆಸಿದ್ದು ನಾನೇ ಅಕ್ಕಾ. ಕೋಳಿಗಳು ಬಂದಿದ್ದು ಆಮೇಲೆ. ಕೂಸಿನಿಂದ ಆಗಿದ್ದಲ್ಲ."

ದೊಡ್ಡಾಕೆ ಚಪ್ಪಲಿಯ ಪಟ್ಟಿಯನ್ನು ನಿಧಾನವಾಗಿ ಎಳೆದು ಸರಿಮಾಡಿಕೊಂಡಳು. ಬಗ್ಗಿದವಳು ಬೇಗ ಏಳಲಿಲ್ಲ.

"ನೀನು ಕೇಳಿದ್ದೆ."

"ಹೂಂ."

"ನಾನು ಇಲ್ಲ ಅಂದೆ."

"ಹೂಂ."

"ಕೋಳಿಯಮ್ಮನಿಗೆ ಹೇಳಿದ್ಯಾ?"

"ಮೊದ್ಲು ಅಲ್ಲಿಗೇ ಹೋಗಿದ್ದೆ."

"ಏನಂದ್ಲು?"

"ಬಲೆಯ ಹತ್ರ ಕರ್ಕೊಂಡು ಹೋಗಿ, ನಂಗಲ್ಲ, ಇವಕ್ಕೆ ಹೇಳು ಅಂದ್ಲು."

"ಹೇಳಿದ್ಯಾ?"

"ಹೇಳಿದೆ. ಬೀದಿಯವರೆಲ್ಲ ನಿಂತು ನೋಡಿದ್ರು."

ದೊಡ್ಡಾಕೆಯ ತುಟಿಯ ಒಂದು ಬದಿ ಅಲುಗಿತು, ಮತ್ತೆ ನೇರವಾಯಿತು. ಚಿಕ್ಕಾಕೆ ಬಟ್ಟಲನ್ನು ಅವಳ ಮುಂದೆ ಚಾಚಿದಳು.

"ನನ್ನ ಕೈಗೆ ಬೇಡ. ತೆಗೆದವಳು ನೀನು. ನೀನೇ ಹೊತ್ಕೊ," ಎಂದು ದೊಡ್ಡಾಕೆ ಮುಂದೆ ನಡೆದಳು.

ಗುಡ್ಡದ ದಾರಿ ಏರು. ದೊಡ್ಡಾಕೆ ಮುಂದೆ, ಚಿಕ್ಕಾಕೆ ಹಿಂದೆ. ಎಂದಿನಂತೆ ದೊಡ್ಡಾಕೆ ಕಡಿದಾದ ಕಡೆ ನಿಂತು ಕೈ ಕೊಡಲಿಲ್ಲ. ಹಾಗೆಂದು ಬೇಗ ಬೇಗ ನಡೆದು ದೂರವೂ ಹೋಗಲಿಲ್ಲ. ಬಟ್ಟಲು ಸಣ್ಣದಾದರೂ ಗರಸು ಭಾರ. ಚಿಕ್ಕಾಕೆ ಅದನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು, ಎಲ್ಲೂ ಕೆಳಗಿಡಲಿಲ್ಲ. ಅರ್ಧ ದಾರಿಯಲ್ಲಿ ದೊಡ್ಡಾಕೆ ಒಂದು ಬಂಡೆಗೊರಗಿ ಉಸಿರು ತೆಗೆದುಕೊಂಡಳು.

"ಮಗಳಿಗೆ ಫೋನ್ ಮಾಡ್ಬೇಕು," ಎಂದಳು, ಯಾರಿಗೂ ಅಲ್ಲ ಎಂಬಂತೆ. "ಬರ್ತೀನಿ ಅಂತ."

ಪಂಪಿನಾತ ಹೊಸ ಟ್ಯಾಂಕಿನ ನೆರಳಲ್ಲಿ ಪೈಪಿನ ತಿರುಪು ಬಿಗಿಯುತ್ತಿದ್ದ. ಇಳಿಜಾರು ಬೋಳಾಗಿತ್ತು, ಕೆಂಪು ಮಣ್ಣು, ನಡುನಡುವೆ ಯಂತ್ರ ಬಿಟ್ಟುಹೋದ ಬಂಡೆಗಳು. ಅವನು ಕೈ ಒರೆಸಿಕೊಂಡು ಬಂದ.

"ಬನ್ನಿ ದೊಡ್ಡಮ್ಮ. ನೀರು ಬಂದ್ ಮಾಡೋದು ತಪ್ಪಿಸಿದ್ರಿ." ನಕ್ಕವನು ಬಟ್ಟಲಿನ ಕಡೆ ಬಗ್ಗಿ ನೋಡಿದ. "ಇದೊಂದೇನಾ? ಬುಟ್ಟಿ ತುಂಬ ಒಯ್ದಿದ್ರಿ."

ದೊಡ್ಡಾಕೆ ಬೆನ್ನು ತಿರುಗಿಸಿ ದೂರದ ಬಂಡೆಯ ಕಡೆ ನೋಡುತ್ತಾ ನಿಂತಳು.

"ಉಳಿದವು ನನ್ನ ಕೈಲಿ ಸತ್ತವು," ಎಂದಳು ಚಿಕ್ಕಾಕೆ. "ಇದನ್ನ ನಾನು ಕದ್ದಿದ್ದೆ. ಚೀಲದಲ್ಲಿ ಬೀಜ ಇದೆ."

ಪಂಪಿನಾತ ಅವಳ ಮುಖ ನೋಡಿದ, ಆಮೇಲೆ ದೊಡ್ಡಾಕೆಯ ಬೆನ್ನನ್ನು ನೋಡಿದ. ಎರಡೂ ಕೈ ಮುಂದೆ ಚಾಚಿದ. ಚಿಕ್ಕಾಕೆ ಬಟ್ಟಲಿನ ಅಂಚಿಗೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಅವನ ಕೈಗಿಟ್ಟಳು.